ಸೌದೆ ಕೊಟ್ಟಿಗೆಯಿಂದ ಬಂದ ಯೆಜ್ಡಿ

ವರ್ಷಗಟ್ಟಲೆ ನಿಂತ ಗಾಡಿ ಕಂಡರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಕಿಕ್ಕರ್ ಮೇಲೆ ಕಾಲಿಡುವುದು. ದಯವಿಟ್ಟು ಅದನ್ನು ಮಾಡಬೇಡಿ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ.

ನಾನು ತೀರ್ಥಹಳ್ಳಿಯವನು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. 2022ರಲ್ಲಿ, ನನಗೆ 51 ಆದಾಗ, ಒಂದು ಯೆಜ್ಡಿ 250 ಬೈಕು ತಗೊಂಡೆ. 1982ರ ಗಾಡಿ. ಹದಿನೇಳು ವರ್ಷದಿಂದ ಮೇಗರವಳ್ಳಿ ಕಡೆಯ ಒಂದು ಮನೆಯ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. ಅದು ನಮ್ಮೂರಿನ ದನದ ಡಾಕ್ಟ್ರ ಗಾಡಿ.

ನಾನು ಹುಡುಗನಾಗಿದ್ದಾಗ ಆ ಗಾಡಿಯ ಸದ್ದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ಒಂದು ಮಳೆಗಾಲದ ರಾತ್ರಿ ನಮ್ಮ ಕೌಲಿ ಹಸು ಕರು ಹಾಕಲಾಗದೆ ಒದ್ದಾಡುತ್ತಿತ್ತು. ಅಪ್ಪ ಲಾಟೀನು ಹಿಡಿದು ಅಂಗಳದಲ್ಲಿ ನಿಂತಿದ್ದರು. ತೋಟದ ಆಚೆ ಏರಿನಲ್ಲಿ ಡುಗು ಡುಗು ಅಂತ ಕೇಳಿತು. ‘ಬಂದ್ರು’ ಅಂದರು ಅಪ್ಪ. ಅಷ್ಟೇ. ಆ ಒಂದು ಮಾತಿನಲ್ಲಿದ್ದ ನೆಮ್ಮದಿ ನನಗೆ ಇವತ್ತಿಗೂ ನೆನಪಿದೆ. ಕರು ಬದುಕಿತು.

ಡಾಕ್ಟ್ರು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅವರ ಮನೆಯ ಅಮ್ಮ ಒಮ್ಮೆ ಸೊಸೈಟಿಗೆ ಬಂದಾಗ ಆ ಗಾಡಿ ಎಲ್ಲಿದೆ ಅಂತ ನಾನೇ ಕೇಳಿದೆ. ‘ಅದಾ? ಸೌದೆ ಒಟ್ಟಿನ ಹಿಂದೆ ಇದೆ ಮಾರಾಯ, ಹೋಗಿ ನೋಡು. ಗುಜರಿಯವನಿಗೆ ಮಾತ್ರ ಕೊಡಲ್ಲ ಅಂತ ಇಟ್ಕೊಂಡಿದೀನಿ’ ಅಂದರು.

ಹೋಗಿ ನೋಡಿದೆ. ಟ್ಯಾಂಕಿನ ಮೇಲೆ ಬೆರಳು ದಪ್ಪದ ಧೂಳು. ಸೀಟಿನ ಒಳಗೆ ಇಲಿ ಸಂಸಾರ. ಎರಡೂ ಸೈಲೆನ್ಸರ್ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಈ ಗಾಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ಕರ್ ಬೇರೆ ಇಲ್ಲ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ನಾನೂ ಕಾಲಿಡಲು ಹೊರಟಿದ್ದೆ. ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ, ಭಾಯಿ ಅಂತಲೇ ಎಲ್ಲರೂ ಕರೆಯುವುದು. ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ‘ಸಾರ್, ಕಾಲು ಕೆಳಗೆ ಇಳಿಸಿ. ಮೊದಲು ಕಾಗದ ನೋಡಿ, ಆಮೇಲೆ ಗಾಡಿ ನೋಡಿ’ ಅಂದರು.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಆರ್‌ಸಿ, ಅಂದರೆ ನೋಂದಣಿ ಪತ್ರ, ಇಲ್ಲದ ಹಳೇ ಗಾಡಿ ಎಷ್ಟೇ ಚೆಂದ ಇರಲಿ, ತಗೋಬೇಡಿ. ಆರ್‌ಸಿ ಇದ್ದರೆ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಚಿಂದಿಯಿಂದ ಒರೆಸಿ ಓದಿ ತಾಳೆ ನೋಡಿ. ಡಾಕ್ಟ್ರ ಗಾಡಿಯ ಆರ್‌ಸಿ ಗೋದ್ರೆಜ್ ಬೀರುವಿನಲ್ಲಿ ಭದ್ರವಾಗಿತ್ತು. ಮೂರಕ್ಷರದ ಹಳೇ ನಂಬರು. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ನಮ್ಮ ಹೆಸರಿಗೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ತಂದು ತೋರಿಸಬೇಕು. ತಡವಾದ ಪ್ರತಿ ತಿಂಗಳಿಗೂ ದಂಡ ಕೂಡುತ್ತಾ ಹೋಗುತ್ತದೆ. ಈ ದಂಡವನ್ನು ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಿಂದ ಬೇರೆಯೇ ನಿಯಮ ಇದೆ. ನನ್ನದಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಅಮ್ಮ ದುಡ್ಡೇ ಬೇಡ ಅಂದರು. ನಾನು ಒಪ್ಪಲಿಲ್ಲ. 30,000 ಕೊಟ್ಟು, ಪಿಕಪ್ ಗಾಡಿಯಲ್ಲಿ ಮನೆಗೆ ತಂದೆ.

ಇನ್ನು ಕಿಕ್ ಯಾಕೆ ಹೊಡೆಯಬಾರದು ಅನ್ನೋದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ಸುತ್ತಿನ ಹಳ್ಳಿಗಳಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇನ್ನು ಕಬ್ಬಿಣದ ಕಥೆ ಏನು? ಬಯಲುಸೀಮೆಯಲ್ಲಿ ನಿಂತ ಗಾಡಿಗೂ ನಮ್ಮಲ್ಲಿ ನಿಂತ ಗಾಡಿಗೂ ಇರುವ ವ್ಯತ್ಯಾಸ ಇದೇ. ನಮ್ಮಲ್ಲಿ ಗಾಡಿ ಸವೆದು ಸಾಯುವುದಿಲ್ಲ, ಥಂಡಿ ಹಿಡಿದು ಸಾಯುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಬಹಳ ಸಲ ಸೈಲೆನ್ಸರ್ ಕಡೆಯಿಂದಲೋ ಕಾರ್ಬರೇಟರ್ ಕಡೆಯಿಂದಲೋ ಹಸಿ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗು ಸಿಲಿಂಡರಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಆಗ ಮೈಭಾರ ಹಾಕಿ ಕಿಕ್ ಹೊಡೆದರೆ ರಿಂಗು ಮುರಿದು, ಅದರ ಚೂರು ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ ಸಿಕ್ಕಿ, ಸಿಲಿಂಡರ್ ಗೋಡೆ ಉದ್ದಕ್ಕೂ ಗೀರಿಕೊಂಡು ಹೋಗುತ್ತದೆ.

ಭಾಯಿ ಹೇಳಿದ ಹಾಗೆ ಮಾಡಿದೆ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಅರ್ಧರ್ಧ ಬೆರೆಸಿ ಪ್ಲಗ್ಗಿನ ತೂತಿನಿಂದ ಒಂದು ಸಣ್ಣ ಲೋಟದಷ್ಟು ಹೊಯ್ದೆ. ಬಟ್ಟೆ ಮುಚ್ಚಿ ಬಿಟ್ಟೆ. ದಿನಾ ಸಂಜೆ ಆಫೀಸಿಂದ ಬಂದು ಗಾಡಿಯನ್ನು ನಾಲ್ಕನೇ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸುವುದು. ಜೋರು ಮಾಡುವಂತಿಲ್ಲ. ಎಂಟು ದಿನ ಕಲ್ಲಿನ ಹಾಗೆ ನಿಂತಿತ್ತು. ಒಂಬತ್ತನೇ ದಿನ ಕೈಗೆ ಏನೋ ಸ್ವಲ್ಪ ಸಡಿಲ ಅನ್ನಿಸಿತು. ನನ್ನದೇ ಭ್ರಮೆ ಇರಬಹುದು ಅಂತ ಟೈರಿಗೂ ಮಡ್‌ಗಾರ್ಡಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗೀಟು ಹಾಕಿದೆ. ಮತ್ತೆ ಅಲ್ಲಾಡಿಸಿದೆ. ಗೀಟುಗಳ ಮಧ್ಯೆ ಅರ್ಧ ಬೆರಳು ಅಂತರ ಬಂತು. ಒಳಗಿನಿಂದ ಮಗಳನ್ನು ಕೂಗಿ ಕರೆದು ತೋರಿಸಿದೆ. ಅವಳೂ ಕೈ ಹಾಕಿದಳು. ಹತ್ತು ನಿಮಿಷದಲ್ಲಿ ಚಕ್ರ ಪೂರ್ತಿ ಒಂದು ಸುತ್ತು ಬಂತು. ಪ್ಲಗ್ಗಿನ ತೂತಿನಿಂದ ಕೆಂಪು ಎಣ್ಣೆ ಚಿಲ್ಲಂತ ಹಾರಿ ಗೋಡೆಗೆ ಬಿತ್ತು. ಆ ಕಲೆ ಇನ್ನೂ ಇದೆ, ಸುಣ್ಣ ಬಳಿಯಲು ಬಿಟ್ಟಿಲ್ಲ.

ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಹಲಸಿನ ಮೇಣದ ಹಾಗಾಗಿತ್ತು. ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಟ್ಯಾಂಕ್ ತುಂಬ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಒಳಗೆ ಒಂದು ಹಿಡಿ ನಟ್ಟು ಹಾಕಿ, ಹಳೇ ಕಂಬಳಿಯಲ್ಲಿ ಸುತ್ತಿ ಅಲುಗಿಸಿದೆ. ಕಾಫಿ ಡಿಕಾಕ್ಷನ್ ಬಣ್ಣದ ನೀರು ಬಂತು. ಮೂರು ಸಲ ಹೀಗೆ ಮಾಡಿ, ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆದೆ. ಇಲ್ಲಿ ಒಂದು ಎಚ್ಚರಿಕೆ. ತೊಳೆದ ಟ್ಯಾಂಕ್ ಒಂದು ಗಂಟೆ ಹಸಿ ಇದ್ದರೂ ಮತ್ತೆ ತುಕ್ಕು ಕೂರುತ್ತದೆ. ಬಿಸಿಲಿರುವ ದಿನ ನೋಡಿ ಮಾಡಿ, ಒಣಗಿದ ಕೂಡಲೇ ಒಳಗೆಲ್ಲ ಎಣ್ಣೆ ಓಡಿಸಿ. ಬೇಗ ಒಣಗಲಿ ಅಂತ ಬಚ್ಚಲ ಒಲೆ ಹತ್ತಿರ ಮಾತ್ರ ಇಡಬೇಡಿ. ಪೆಟ್ರೋಲ್ ಆವಿ ಟ್ಯಾಂಕಿನ ಮೂಲೆಯಲ್ಲಿ ಉಳಿದಿರುತ್ತದೆ.

ಕಾರ್ಬರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟುಗಳ ತೂತು ಪೂರ್ತಿ ಕಟ್ಟಿತ್ತು. ಪಿನ್ನು, ಸೂಜಿ ಹಾಕಿದರೆ ತೂತು ದೊಡ್ಡದಾಗಿ ಲೆಕ್ಕ ತಪ್ಪುತ್ತದೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಕಾರ್ಬರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಹಿತ್ತಾಳೆ ಫ್ಲೋಟನ್ನು ಬಿಸಿನೀರಲ್ಲಿ ಅದ್ದಿ ಹಿಡಿದೆ. ಗುಳ್ಳೆ ಬರಲಿಲ್ಲ, ಅಂದರೆ ತೂತಿಲ್ಲ.

ವೈರಿಂಗನ್ನು ಇಲಿ ತಿಂದಿತ್ತು, ಪೂರ್ತಿ ಹೊಸದು ಹಾಕಿಸಿದೆ. ಇದು 6 ವೋಲ್ಟಿನ ಗಾಡಿ. ದೀಪ ಮಂಕು ಅಂತ ಎಲ್ಲರೂ ಬೈಯುತ್ತಾರೆ. ಅರ್ಧ ತಪ್ಪು ಅರ್ಥ್ ವೈರಿನದು. ತುಕ್ಕಿನ ಮೇಲೆ, ಪೇಂಟಿನ ಮೇಲೆ ಬೋಲ್ಟ್ ಬಿಗಿದರೆ ಕರೆಂಟ್ ಎಲ್ಲಿ ಹರಿಯಬೇಕು? ಇಂಜಿನ್ನಿಗೂ ಫ್ರೇಮಿಗೂ ಮಧ್ಯದ ಅರ್ಥ್ ಜಾಗವನ್ನು ಹೊಳೆಯುವಷ್ಟು ಉಜ್ಜಿದ ಮೇಲೆ ದೀಪ ಕಣ್ಣು ಬಿಟ್ಟಿತು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಇಟ್ಟೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಹೊಸದೇ ಹಾಕಿ, ಹಳೆಯದನ್ನು ನಂಬಬೇಡಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತುಹೋಗುವ ಕಾಯಿಲೆಗೆ ಬಹಳ ಸಲ ಅದೇ ಕಾರಣ.

ಮೇ ತಿಂಗಳಲ್ಲಿ ಮೊದಲ ಕಿಕ್ ಹೊಡೆದೆ. ಏಳನೇ ಕಿಕ್ಕಿಗೆ ಹತ್ತಿತು. ಅಂಗಳದಲ್ಲಿ ಆ ಸದ್ದು ಕೇಳಿದಾಗ ನನಗೆ ಕಣ್ಣು ತುಂಬಿ ಬಂತು.

ಆದರೆ ಹೊಗೆ ನಿಲ್ಲಲಿಲ್ಲ. ಹಳೇ ಎಣ್ಣೆ ಉರಿದು ಹೋಗಲಿ ಅಂತ ಎರಡು ದಿನ ಕಾದೆ. ಬೆಳ್ಳಗೆ, ದಟ್ಟಗೆ ಬರುತ್ತಲೇ ಇತ್ತು. ಗೇರ್‌ಬಾಕ್ಸ್ ಆಯಿಲ್ ನೋಡಿದರೆ ಕಮ್ಮಿಯಾಗಿತ್ತು, ಕೆಳಗೆ ಒಂದು ಹನಿಯೂ ಸೋರಿರಲಿಲ್ಲ. ನಿಂತ ಟೂ ಸ್ಟ್ರೋಕ್ ಗಾಡಿಗಳ ನಿಜವಾದ ರೋಗ ಇದೇ. ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆ ಮಾಡುವ ಕ್ರ್ಯಾಂಕಿನ ಎರಡು ಬದಿಗೂ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಒಣಗಿ ಅದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗುತ್ತದೆ. ಎಡಗಡೆ, ಕ್ಲಚ್ಚಿನ ಬದಿಯ ಸೀಲ್ ಹೋದರೆ ಇಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನು ಎಳೆದುಕೊಂಡು ಕುಡಿಯುತ್ತದೆ. ಬಲಗಡೆ, ಡೈನಮೊ ಬದಿಯದು ಹೋದರೆ ಗಾಳಿ ಎಳೆಯುತ್ತದೆ. ಆಗ ಇಂಜಿನ್ ತಾನಾಗಿಯೇ ಜೋರಾಗಿ ಓಡುತ್ತದೆ, ಬಿಸಿ ಏರಿ ಪಿಸ್ಟನ್ ಕಚ್ಚುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಹಾಗಾಗಿ ಎರಡನೆಯದೇ ಜಾಸ್ತಿ ಅಪಾಯ.

ಸೀಲ್ ಬದಲಿಸಲು ಇಂಜಿನ್ ಪೂರ್ತಿ ಬಿಚ್ಚಬೇಕು. ಶಿವಮೊಗ್ಗಕ್ಕೆ ಒಯ್ದೆ, ಭಾಯಿ ಬಿಚ್ಚಿದರು. ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ನೀರು ನಿಂತ ಒಂದು ಕಡೆ ಸಾಸಿವೆ ಕಾಳಿನಷ್ಟು ತುಕ್ಕಿನ ಗುಳಿ ಬಿದ್ದಿತ್ತು. ರಾಡ್ ಕಿಟ್ ಬದಲಿಸಲು ಕ್ರ್ಯಾಂಕನ್ನು ಮೈಸೂರಿಗೆ ಕಳಿಸಿದೆವು. ಈ ಗಾಡಿ ಹುಟ್ಟಿದ ಊರೇ ಅದು. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಿಂದ 1996ರವರೆಗೆ ಗಾಡಿ ಮಾಡಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷ ಆದರೂ ಇದರ ಕೆಲಸ ಬಲ್ಲ ಮೇಸ್ತ್ರಿಗಳು, ಸ್ಪೇರ್ ಪಾರ್ಟು ಅಲ್ಲಿ ಇನ್ನೂ ಸಿಗುತ್ತವೆ. ಸಿಲಿಂಡರನ್ನು ಶಿವಮೊಗ್ಗದಲ್ಲೇ ಲೇತಿಗೆ ಕೊಟ್ಟು ಬೋರ್ ಮಾಡಿಸಿ, ಅಳತೆಗೆ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸೀಲ್ ನಾನೇ ತರುತ್ತೇನೆ ಅಂದು ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತಂದುಕೊಟ್ಟೆ. ಭಾಯಿ ಬೆರಳಲ್ಲಿ ಒತ್ತಿ ನೋಡಿ ‘ಇದು ಬೇಡ ಸಾರ್’ ಅಂದಿದ್ದರು. ನಾನೇ ಒತ್ತಾಯ ಮಾಡಿದೆ. 200 ಕಿಲೋಮೀಟರಿಗೆ ಮತ್ತೆ ಬಿಳಿ ಹೊಗೆ. ಮತ್ತೆ ಇಂಜಿನ್ ಇಳಿಸಿ, ಮತ್ತೆ ಬಿಚ್ಚಿ, ಅದೇ ಕೂಲಿ. ಹದಿನೇಳು ವರ್ಷ ಕಾದ ಗಾಡಿಗೆ ಒಳ್ಳೆಯ ಸೀಲ್ ಬರುವವರೆಗೆ ಹತ್ತು ದಿನ ಕಾಯಬಹುದಿತ್ತು. ಭಾಯಿ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನಾಟಿತು.

ಟೈರು, ಟ್ಯೂಬು, ಕೇಬಲ್ಲು, ಬ್ರೇಕ್ ಲೈನರ್ ಎಲ್ಲ ಹೊಸದು. ಇದರಲ್ಲಿ ಉಳಿತಾಯ ನೋಡಲೇಬಾರದು. ಎಲ್ಲ ಸೇರಿ 46,000 ಖರ್ಚಾಯಿತು.

ಪೇಂಟ್ ಮಾತ್ರ ಹೊಡೆಸಲಿಲ್ಲ. ಎಲ್ಲರೂ ಹೇಳಿದರು, ಹೊಸದರ ಹಾಗೆ ಮಾಡಿಸು ಅಂತ. ಟ್ಯಾಂಕಿನ ಬಲಗಡೆ ಡಾಕ್ಟ್ರ ಮಂಡಿ ತಾಗಿ ತಾಗಿ ಮೆರೂನ್ ಬಣ್ಣ ಸವೆದು ಒಳಗಿನ ಬೂದು ಪ್ರೈಮರ್ ಕಾಣುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ಔಷಧಿ ಪೆಟ್ಟಿಗೆ ಕೂರುತ್ತಿದ್ದ ಕಡೆ ಎರಡು ಗೀರಿವೆ. ಅದನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ. ಮೇಣ ತಿಕ್ಕಿ ಬಿಟ್ಟಿದ್ದೇನೆ.

ಮೊದಲ 500 ಕಿಲೋಮೀಟರ್ ನಲವತ್ತರ ಒಳಗೇ ಓಡಿಸಿದೆ. ಪೆಟ್ರೋಲಿಗೆ ಲೀಟರಿಗೆ 40 ಎಂ.ಎಲ್. ಆಯಿಲ್ ಬೆರೆಸುತ್ತಿದ್ದೆ. ಐವತ್ತು ದಾಟಿದ ಮೈಗೆ ಈ ಗಾಡಿ ಹೊಂದುತ್ತದೆಯಾ ಅಂತ ಹೆಂಡತಿಗೆ ಆತಂಕ ಇತ್ತು. ಕಿಕ್ಕಿಗೆ ಮಂಡಿ ಬಲ ಬೇಡ, ಪಿಸ್ಟನ್ ಎಲ್ಲಿದೆ ಅಂತ ಕಾಲಿಗೆ ತಿಳಿದರೆ ಸಾಕು. ಮೆಲ್ಲಗೆ ಒತ್ತಿ, ಬಿಗಿ ಸಿಕ್ಕ ಕಡೆ ದಾಟಿಸಿ, ಆಮೇಲೆ ಒಂದೇ ಏಟು. ಬ್ರೇಕ್ ಮಾತ್ರ ಹಳೇ ಕಾಲದ ಡ್ರಮ್. ಈಗಿನ ಗಾಡಿ ಓಡಿಸಿದ ಅಭ್ಯಾಸದಲ್ಲಿ ಹೋದರೆ ನಿಲ್ಲುವುದಿಲ್ಲ, ಮೊದಲೇ ಹಿಡಿಯಲು ಕಲಿಯಬೇಕು.

ನವೆಂಬರಿನಲ್ಲಿ ಡಾಕ್ಟ್ರ ಮನೆಗೆ, ಆ ಅಮ್ಮನನ್ನು ನೋಡಲು ಹೋದೆ. ಅವರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಗಾಡಿ ನಿಲ್ಲಿಸುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ‘ಏರಿನಲ್ಲಿ ಎರಡನೇ ಗೇರಿಗೆ ಇಳಿಸೋದು ಅವರು ಇನ್ನೂ ಸ್ವಲ್ಪ ಮುಂದೆ’ ಅಂದರು. ಕಾಫಿ ಕೊಟ್ಟರು. ಹೊರಡುವಾಗ ಟ್ಯಾಂಕ್ ಮೇಲೆ ಒಮ್ಮೆ ಕೈಯಾಡಿಸಿದರು.

ಅಲ್ಲಿಂದ ಆಗುಂಬೆಗೆ ಹೋಗಿ ಘಾಟಿ ಇಳಿದೆ. ಹದಿನಾಲ್ಕು ತಿರುವು. ಟೂ ಸ್ಟ್ರೋಕ್ ಇಟ್ಟುಕೊಂಡವರು ಇದನ್ನು ತಿಳಿದಿರಬೇಕು. ಪೆಟ್ರೋಲಿನ ಜೊತೆಯೇ ಎಣ್ಣೆ ಹೋಗುವ ಇಂಜಿನ್ ಇದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿಸಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಸಾಕಷ್ಟು ಹೋಗುತ್ತಿರುವುದಿಲ್ಲ. ಹಾಗಾಗಿ ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುವಿ ಎಣ್ಣೆ ಕುಡಿಸಬೇಕು. ಪ್ರತಿ ತಿರುವಿಗೂ ಹಾಗೆ ಮಾಡುತ್ತಾ ಸೋಮೇಶ್ವರಕ್ಕೆ ಇಳಿದೆ.

ಈಗ ಮಳೆಗಾಲಕ್ಕೆ ನನ್ನದೇ ಕ್ರಮ ಇದೆ. ಜೂನ್ ಮೊದಲ ವಾರ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬರೇಟರ್ ಖಾಲಿಯಾಗಿ ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ನೀರನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಅದನ್ನು ತಿಂಗಳುಗಟ್ಟಲೆ ಬಿಡುವಂತಿಲ್ಲ, ಟ್ಯಾಂಕನ್ನೂ ಖಾಲಿ ಮಾಡಿ ಒಳಗೆ ಎಣ್ಣೆ ಓಡಿಸುತ್ತೇನೆ. ಪ್ಲಗ್ ಬಿಚ್ಚಿ ಎರಡು ಚಮಚ ಟೂಟಿ ಆಯಿಲ್ ಹಾಕುತ್ತೇನೆ. ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕುತ್ತೇನೆ. ಅದನ್ನು ಮರೆತು ಸ್ಟಾರ್ಟ್ ಮಾಡಬಾರದು ಅಂತ ಮಗಳು ಹ್ಯಾಂಡಲಿಗೆ ಕೆಂಪು ರಿಬ್ಬನ್ ಕಟ್ಟುತ್ತಾಳೆ. ಪ್ರತಿ ಭಾನುವಾರ ಬೆಳಿಗ್ಗೆ ನಾಲ್ಕನೇ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತೇನೆ.