ಆಪಿನ ನಡುವಿನ ಗೀಜಗ: ತಲೆ ಬಿಡಿ, ಎದೆ ನೋಡಿ

ಗೀಜಗನ ಗೂಡು ಎಂದರೆ ಈಚಲು ಗರಿಯಿಂದಲೋ, ಬಾವಿಯ ಮೇಲೆ ಬಾಗಿದ ಜಾಲಿ ಕೊಂಬೆಯಿಂದಲೋ ಜೋತುಬಿದ್ದ ಉದ್ದ ಕೊಳವೆಯೇ ಎಲ್ಲರಿಗೂ ನೆನಪಾಗುವುದು. ಕೆರೆಯೊಳಗೆ, ಆಪಿನ (ನೀರಂಚಿನಲ್ಲಿ ಎತ್ತರಕ್ಕೆ ಬೆಳೆಯುವ ಜೊಂಡು) ನಡುವೆ ನೀರಿನ ಮೇಲೆಯೇ ಗೂಡು ಹೆಣೆಯುವ ಇನ್ನೊಂದು ಗೀಜಗ ಇದೆ. ಅದು ಗೀರು ಗೀಜಗ. ಎರಡೂ ಗುಬ್ಬಿಯಷ್ಟೇ ದೊಡ್ಡವು, ಸುಮಾರು 15 ಸೆಂ.ಮೀ. ಮಳೆಗಾಲದಲ್ಲಿ ಎರಡರ ಗಂಡಿಗೂ ನೆತ್ತಿ ಹಳದಿ, ಮುಖ ಕಪ್ಪು. ಹಾಗಾಗಿ ನೆತ್ತಿ ನೋಡಿ ಹೆಸರು ಹೇಳಿದರೆ ತಪ್ಪುವುದೇ ಹೆಚ್ಚು.

ನೋಡಬೇಕಾದದ್ದು ಎದೆ. ಸಾಮಾನ್ಯ ಗೀಜಗನ ಗಂಡಿಗೆ ಈ ಕಾಲದಲ್ಲಿ ಎದೆ ಹಳದಿ, ಗೀರಿಲ್ಲ. ಗೀರು ಗೀಜಗನ ಮಾಸಲು ಎದೆಯ ಮೇಲೆ ಪೆನ್ಸಿಲಿನಿಂದ ಒತ್ತಿ ಎಳೆದಂತೆ ದಟ್ಟ ಕಪ್ಪು ಗೀರುಗಳು. ಬೆನ್ನಿನ ಗೀರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಎರಡಕ್ಕೂ ಇರುತ್ತದೆ.

ಚಳಿಗಾಲದಲ್ಲಿ ಗಂಡುಗಳ ನೆತ್ತಿಯ ಹಳದಿ ಹೋಗಿ, ಗಂಡು ಹೆಣ್ಣು ಒಂದೇ ತರ ಕಾಣುತ್ತವೆ. ತೊಡಕು ಶುರುವಾಗುವುದೇ ಆಗ. ಗೀರು ಗೀಜಗನಾದರೆ ಎದೆಯ ಗೀರು ಉಳಿದಿರುತ್ತದೆ. ಹುಬ್ಬು ಹಳದಿ, ಕಿವಿಯ ಹಿಂದೆ ಕತ್ತಿನ ಪಕ್ಕಕ್ಕೂ ಒಂದು ಹಳದಿ ಮಚ್ಚೆ. ಸಾಮಾನ್ಯ ಗೀಜಗನ ಕೆಲವು ಹೆಣ್ಣುಗಳಿಗೆ ಎದೆಯ ಬದಿಯಲ್ಲಿ ತೆಳು ಗೀರು ಇರುವುದುಂಟು, ಅಷ್ಟಕ್ಕೇ ತೀರ್ಮಾನಿಸಬೇಡಿ. ಎದೆಯ ನಡುಭಾಗವೂ ಗೀರಾಗಿರಬೇಕು, ಕತ್ತಿನ ಮಚ್ಚೆಯೂ ಕಾಣಬೇಕು. ಗದ್ದೆ ಬದುವಿನ ಮೇಲೆ ಓಡಾಡುವ, ಎದೆ ಗೀರಿನ, ಸಣಕಲು ಕೊಕ್ಕಿನ ಹಕ್ಕಿ ಪಿಪಿಟ್. ಗೀಜಗನ ಕೊಕ್ಕು ಕಾಳು ಒಡೆಯುವಂಥದ್ದು, ಬುಡದಲ್ಲಿ ದಪ್ಪ.

ಹಕ್ಕಿ ಮರೆಯಾದರೆ ಗೂಡೇ ಹೇಳುತ್ತದೆ. ಗೀರು ಗೀಜಗ ಅಕ್ಕಪಕ್ಕದ ಹಲವು ಆಪಿನ ಎಲೆಗಳ ತುದಿಯನ್ನು ಎಳೆದು ಒಟ್ಟು ಹೆಣೆದು ಗೂಡಿನ ನೆತ್ತಿ ಮಾಡುತ್ತದೆ. ಹಾಗಾಗಿ ಗೂಡಿನ ಮೇಲ್ಭಾಗ ಅಗಲ, ಪ್ರವೇಶದ ಕೊಳವೆ ಗಿಡ್ಡ. ಸಾಮಾನ್ಯ ಗೀಜಗನದು ಸಪೂರ ಕತ್ತಿನಿಂದ ತೂಗಾಡುತ್ತದೆ, ಕೊಳವೆಯೂ ಉದ್ದ. ಟೋಪಿಯಂತೆ ಅರ್ಧಕ್ಕೆ ನಿಂತ ಗೂಡು ಕಂಡರೆ ಬಿಟ್ಟುಹೋದದ್ದು ಎಂದುಕೊಳ್ಳಬೇಡಿ. ಗಂಡು ಅಷ್ಟು ಕಟ್ಟಿ, ಒಳಗೆ ಹಸಿಮಣ್ಣೋ ಸಗಣಿಯೋ ಮೆತ್ತಿ, ರೆಕ್ಕೆ ಬಡಿಯುತ್ತ ಹಾಡಿ ಹೆಣ್ಣನ್ನು ಕರೆಯುತ್ತದೆ. ಅವಳು ಬಂದು ಪರೀಕ್ಷಿಸಿ ಒಪ್ಪಿದರಷ್ಟೇ ಉಳಿದ ಕೆಲಸ. ಒಪ್ಪಿದವಳು ಮೊಟ್ಟೆಗೆ ಕೂತ ಮೇಲೆ ಗಂಡು ಇನ್ನೊಂದು ಟೋಪಿ ಶುರುಮಾಡುವುದೂ ಇದೆ!

ಹುಡುಕಲು ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮೈಸೂರಿನ ಲಿಂಗಾಂಬುಧಿಯಂಥ ಕೆರೆಯ ಆಪಿನ ಅಂಚು, ಮಂಡ್ಯದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಬಸಿದು ನಿಲ್ಲುವ ಜೌಗು, ಭತ್ತದ ಗದ್ದೆಗೆ ತಾಗಿದ ಕೆರೆಗಳನ್ನು ನೋಡಿ. ಆಪು ಮಾತ್ರ ಇದ್ದರೆ ಸಾಲದು, ಹತ್ತಿರದಲ್ಲೇ ಹುಲ್ಲಿನ ಬೀಜ, ಭತ್ತ, ಮರಿಗಳಿಗೆ ಹುಳು ಸಿಗಬೇಕು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಸೂರ್ಯ ಬೆನ್ನಿಗೆ ಬರುವಂತೆ ಪೂರ್ವದ ದಡದಲ್ಲೋ ಏರಿಯ ಮೇಲೋ ನಿಲ್ಲಿ. ಬೆಳಕಿಗೆ ಎದುರಾಗಿ ನಿಂತರೆ ಎದೆ ಬರೀ ಕಪ್ಪು ನೆರಳು, ಗೀರು ಕಾಣುವುದಿಲ್ಲ. 8×42 ಬೈನಾಕ್ಯುಲರ್ ಸಾಕು. ಗೂಡಿನಿಂದ 25–30 ಮೀಟರ್ ದೂರವಿರಿ. ಹಕ್ಕಿಗಳು ಹುಲ್ಲು ತರುವುದನ್ನು ನಿಲ್ಲಿಸಿ ಚೀರತೊಡಗಿದರೆ ನೀವು ಹತ್ತಿರವಾದಿರಿ ಎಂದರ್ಥ, ಹಿಂದೆ ಸರಿಯಿರಿ. ಗಾಳಿ ಎದ್ದ ಮೇಲೆ ಆಪು ಓಲಾಡುತ್ತದೆ, ಫೋಟೊ ಬರುವುದು ಕಷ್ಟ.

ಕೆರೆ ಶುಚಿ ಮಾಡುವವರಿಗೊಂದು ಮಾತು. ಮಳೆಗಾಲದಲ್ಲಿ ಆಪು ಕಿತ್ತರೆ ಮೊಟ್ಟೆ ಮರಿ ಸಮೇತ ಗೂಡು ನೀರಿಗೆ ಬೀಳುತ್ತದೆ. ತೆಗೆಯಲೇಬೇಕಿದ್ದರೆ ಗೂಡುಗಳೆಲ್ಲ ಖಾಲಿಯಾದದ್ದನ್ನು ಒಂದು ವಾರ ನೋಡಿ ಖಾತ್ರಿ ಮಾಡಿಕೊಂಡು, ಬೇಸಿಗೆಯ ಮೊದಲಲ್ಲಿ, ಅರ್ಧ ಕೆರೆಯದು ಮಾತ್ರ ತೆಗೆಯಿರಿ. ಚಳಿಗಾಲದ ರಾತ್ರಿ ಹಿಂಡು ಬಂದು ಮಲಗುವುದೂ ಅದೇ ಆಪಿನಲ್ಲಿ.