ನಾಪೊಲಿಯಿಂದ (ನೇಪಲ್ಸ್) ಲೆಚ್ಚೆವರೆಗೆ ಕಾರಿನಲ್ಲಿ: ಒಳ್ಳೆಯ ಊಟದ ಜಾಗ ಹುಡುಕುವ ಬಗೆ

ದಕ್ಷಿಣ ಇಟಲಿಯ ಕಾರು ಪ್ರವಾಸದಲ್ಲಿ ಊಟ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪುವುದರಿಂದ. ಅಡುಗೆಮನೆಗಳು ಮಧ್ಯಾಹ್ನ 12.30ಕ್ಕೆ ಶುರುವಾಗಿ 2.30ರ ಸುಮಾರಿಗೆ ಒಲೆ ಆರಿಸುತ್ತವೆ. ಮತ್ತೆ ಹಚ್ಚುವುದು ರಾತ್ರಿ 7.30ರ ಮೇಲೆ, ಬೇಸಿಗೆಯಲ್ಲಿ ಎಷ್ಟೋ ಕಡೆ 8ಕ್ಕೆ. ನಮ್ಮ ದರ್ಶಿನಿಗಳ ಹಾಗೆ ಯಾವ ಹೊತ್ತಿಗೆ ಹೋದರೂ ಏನಾದರೂ ಬಿಸಿಯಾಗಿ ಸಿಗುತ್ತದೆ ಎಂದುಕೊಂಡು ಹೊರಟವರು ಮೂರು ಗಂಟೆಗೆ ಹಸಿದುಕೊಂಡು ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ತೆರೆದಿರುವ ಹೋಟೆಲುಗಳು ಬಹುಮಟ್ಟಿಗೆ ಪ್ರವಾಸಿಗರನ್ನೇ ನಂಬಿದವು.

ಹಾಗಾಗಿ ನಾಳೆಯ ಊಟವನ್ನು ಇವತ್ತು ರಾತ್ರಿಯೇ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ 12.30ರಿಂದ 1 ಗಂಟೆಯೊಳಗೆ ಕಾರು ಎಲ್ಲಿರುತ್ತದೆ ಎಂದು ನಕ್ಷೆಯಲ್ಲಿ ನೋಡಿ, ಆ ಜಾಗದ ಸುತ್ತ 15–20 ಕಿಲೋಮೀಟರಿನಲ್ಲಿ ಹುಡುಕಿ. ‘ರೆಸ್ಟೋರೆಂಟ್’ ಎಂದು ಹುಡುಕಿದರೆ ಪ್ರವಾಸಿ ಹೋಟೆಲುಗಳೇ ಮೊದಲು ಬರುತ್ತವೆ. ‘ಟ್ರಟ್ಟೋರಿಯಾ’, ‘ಒಸ್ಟೆರಿಯಾ’, ಹಳ್ಳಿಗಾಡಾದರೆ ‘ಅಗ್ರಿತುರೀಸ್ಮೊ’ ಎಂಬ ಇಟಾಲಿಯನ್ ಪದಗಳನ್ನೇ ಹಾಕಿ. ಮೊದಲೆರಡು ಮನೆಯಡುಗೆಯ ಚಿಕ್ಕ ಹೋಟೆಲುಗಳು. ಮೂರನೆಯದು ಹೊಲ–ತೋಟದವರೇ ನಡೆಸುವ ಊಟ–ವಸತಿ. ಅಲ್ಲಿಗೆ ಮುಂಚೆ ಫೋನ್ ಮಾಡದೆ ಹೋಗಬಾರದು, ಬರುವವರ ಲೆಕ್ಕ ನೋಡಿಯೇ ಅಡುಗೆ ಮಾಡುತ್ತಾರೆ.

ವಿಮರ್ಶೆಗಳಲ್ಲಿ ನಕ್ಷತ್ರಗಳ ಸರಾಸರಿಗೆ ಹೆಚ್ಚು ಬೆಲೆ ಕೊಡಬೇಡಿ. ಹೊಸದು ಮೊದಲು ಬರುವಂತೆ ಜೋಡಿಸಿ, ಇಟಾಲಿಯನ್ನಿನಲ್ಲಿ ಬರೆದವನ್ನು ಅನುವಾದಿಸಿ ಓದಿ. ಪಕ್ಕದೂರಿನವರು ಯಾವ ಅಡುಗೆಯ ಹೆಸರು ಹೇಳಿ ಹೊಗಳುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಮೆನುವಿನ ಇತ್ತೀಚಿನ ಫೋಟೊ ನೋಡಿ. ನಾಲ್ಕೈದು ಬಗೆಯ ಪಾಸ್ತಾ, ನಾಲ್ಕೈದು ಮುಖ್ಯ ತಿನಿಸು, ಒಂದೇ ಹಾಳೆ, ಕೈಬರಹವಾದರೆ ಇನ್ನೂ ಒಳ್ಳೆಯದು. ಉತ್ತರದ ಬೊಲೊನ್ಯಾದ ಲಸಾನ್ಯಾ, ರೋಮಿನ ಕಾರ್ಬೊನಾರಾ, ಜತೆಗೆ ಪಿಜ್ಜಾ, ಮೀನು, ಬರ್ಗರ್ ಎಲ್ಲವೂ ಒಂದೇ ಮೆನುವಿನಲ್ಲಿದ್ದರೆ ಮುಂದಕ್ಕೆ ಹೋಗಿ. ಬಾಗಿಲಲ್ಲಿ ನಿಂತು ಕರೆಯುವವರು, ಊಟದ ಬಣ್ಣದ ಚಿತ್ರಗಳ ಫಲಕ, ‘ಮೆನು ತುರೀಸ್ತಿಕೊ’ (ಪ್ರವಾಸಿಗರ ಮೆನು) ಎಂಬ ಬರಹ ಕಂಡರೂ ಅಷ್ಟೆ. ಬಾಗಿಲ ಗಾಜಿನ ಮೇಲೆ, ಸ್ಥಳೀಯ ಅಡುಗೆ ಉಳಿಸಲು ದುಡಿಯುವ ಸ್ಲೋ ಫುಡ್ ಸಂಸ್ಥೆಯ ಬಸವನಹುಳುವಿನ ಚೀಟಿ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು.

ವಾರದ ರಜೆಯನ್ನು ಮರೆಯಬೇಡಿ. ಬಹುತೇಕ ಹೋಟೆಲುಗಳಿಗೆ ಒಂದು ದಿನ ರಜೆ, ಹಲವು ಕಡೆ ಅದು ಸೋಮವಾರ. ಭಾನುವಾರ ರಾತ್ರಿಯೂ ಅನೇಕರು ಮುಚ್ಚುತ್ತಾರೆ. ಭಾನುವಾರ ಮಧ್ಯಾಹ್ನ ಮಾತ್ರ ಮನೆಮಂದಿಯೆಲ್ಲ ಹೊರಗೆ ಉಣ್ಣುವ ಹೊತ್ತು, ಎರಡು ದಿನ ಮುಂಚೆಯೇ ಟೇಬಲ್ ಹೇಳಿಡಿ. ಆಗಸ್ಟ್ 15 ಫೆರ್ರಗೊಸ್ತೊ ಹಬ್ಬ, ಆ ವಾರ ಕರಾವಳಿಯಲ್ಲಿ ಜಾಗ ಸಿಗುವುದು ಕಷ್ಟ. ಚಳಿಗಾಲದಲ್ಲಿ ಅದೇ ಕರಾವಳಿಯ ಅರ್ಧಕ್ಕರ್ಧ ಹೋಟೆಲುಗಳು ಬೀಗ ಹಾಕಿರುತ್ತವೆ, ಆಗ ಒಳನಾಡಿನ ಊರುಗಳನ್ನೇ ನಂಬಬೇಕು. ಟೇಬಲ್ ಕಾಯ್ದಿರಿಸಲು ‘ಉನ್ ತಾವೊಲೊ ಪೆರ್ ದುಎ, ಆಲ್ಲುನಾ’ ಎಂದರೆ ಸಾಕು. ಇಬ್ಬರಿಗೆ, ಒಂದು ಗಂಟೆಗೆ ಎಂದರ್ಥ.

ಕಾರು ಎಲ್ಲಿ ಬಿಡಬೇಕು

ಹಳೆಯ ಊರಿನ ನಡುವೆ ಹೋಟೆಲಿದ್ದರೆ ಜಿಪಿಎಸ್ ಅದರ ಬಾಗಿಲಿಗೇ ಕರೆದೊಯ್ಯುತ್ತದೆ, ಅಪಾಯ ಇರುವುದು ಅಲ್ಲಿಯೇ. ಬಾರಿ, ಲೆಚ್ಚೆ, ಮತೇರಾದಂಥ ಊರುಗಳ ಹಳೆಯ ಭಾಗ ಜೆಡ್‌ಟಿಎಲ್, ಅಂದರೆ ವಾಹನ ನಿರ್ಬಂಧಿತ ವಲಯ. ಪ್ರವೇಶದಲ್ಲಿರುವ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ದಂಡದ ಚೀಟಿ ತಿಂಗಳುಗಳ ನಂತರ ಬಾಡಿಗೆ ಕಂಪನಿಯ ಮೂಲಕ ಬರುತ್ತದೆ, ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಎಂದು ಬೆಳಗಿದ್ದರೆ ದಾರಿ ತೆರೆದಿದೆ ಎಂದಲ್ಲ, ಕ್ಯಾಮೆರಾ ಚಾಲೂ ಇದೆ, ಹೋಗಬೇಡಿ ಎಂದು. ಎಷ್ಟೋ ಜನ ಇದನ್ನು ತಿರುವುಮುರುವು ಓದಿ ಒಳಗೆ ನುಗ್ಗಿ ದಂಡ ಕಟ್ಟುತ್ತಾರೆ. ಜಿಪಿಎಸ್‌ಗೆ ಹೋಟೆಲಿನ ಬದಲು ಊರ ಹೊರಗಿನ ಪಾರ್ಕಿಂಗ್ ಹಾಕಿ, ಹತ್ತು ನಿಮಿಷ ನಡೆಯಿರಿ. ನೀಲಿ ಗೆರೆ ಇದ್ದಲ್ಲಿ ದುಡ್ಡು, ಬಿಳಿ ಗೆರೆ ಇದ್ದಲ್ಲಿ ಪುಕ್ಕಟೆ (ಸಮಯದ ಮಿತಿ ಇದೆಯೇ ಎಂದು ಫಲಕ ನೋಡಿ), ಹಳದಿ ಗೆರೆ ಬೇರೆಯವರಿಗೆ ಮೀಸಲು. ಭಾರತದ ಲೈಸೆನ್ಸ್ ಜತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಊಟದ ಜತೆ ವೈನ್ ತೆಗೆದುಕೊಳ್ಳುವವರು ನೆನಪಿಡಬೇಕಾದದ್ದು: ರಕ್ತದಲ್ಲಿ ಮದ್ಯಸಾರದ ಮಿತಿ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಪಡೆದು 3 ವರ್ಷ ತುಂಬದವರಿಗೆ ಸೊನ್ನೆ.

ದಾರಿಯಲ್ಲಿ ಏನು, ಎಲ್ಲಿ

ಪ್ರತಿಯೊಂದನ್ನೂ ಹೋಟೆಲಿನಲ್ಲಿ ಕೂತೇ ತಿನ್ನಬೇಕಿಲ್ಲ. ದಕ್ಷಿಣದ ಅತ್ಯುತ್ತಮ ತಿನಿಸುಗಳು ಬೇಕರಿ, ಚೀಸ್ ಮಾಡುವ ಮನೆ, ಮಾಂಸದ ಅಂಗಡಿಗಳಲ್ಲಿವೆ.

ನಾಪೊಲಿ ಬಿಟ್ಟು ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಪೇಸ್ತುಮ್. ಗ್ರೀಕ್ ದೇವಾಲಯಗಳಿಗೆ ಹೆಸರಾದ ಈ ಊರಿನ ಸುತ್ತಮುತ್ತ ಎಮ್ಮೆ ಹಾಲಿನ ಮೊಜ್ಜರೆಲ್ಲಾ ಮಾಡುವ ‘ಕಾಜೆಯಿಫೀಚೊ’ಗಳಿವೆ. ಬೆಳಿಗ್ಗೆಯೇ ಹೋಗಿ, ಅವತ್ತು ಮಾಡಿದ್ದನ್ನು ಕೊಳ್ಳಿ, ಅವತ್ತೇ ತಿನ್ನಿ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ಹಾಲಿನ ರಸ ಹೋಗುತ್ತದೆ. ಅದರದೇ ನೀರಿನಲ್ಲಿ, ಬಿಸಿಲು ತಾಗದ ಜಾಗದಲ್ಲಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಸಂಜೆಗೆ ಹುಳಿಯಾಗಿರುತ್ತದೆ.

ಮತೇರಾ ಸೇರಿದ ಮೇಲೆ ಬಸಿಲಿಕಾತಾ ಪ್ರಾಂತ್ಯದ ‘ಪೆಪೆರೋನಿ ಕ್ರುಸ್ಕಿ’ ಕೇಳಿ. ಸೆನೀಸೆ ಊರಿನ ಸಿಹಿ ಕೆಂಪು ಮೆಣಸನ್ನು ಒಣಗಿಸಿ ಎಣ್ಣೆಯಲ್ಲಿ ಕೆಲವೇ ಸೆಕೆಂಡು ಕರಿದದ್ದು. ನಮ್ಮ ಬಾಳಕದ ಮೆಣಸಿನಕಾಯಿಯ ಹಾಗೆ ಗರಿಗರಿ, ಆದರೆ ಖಾರವಿಲ್ಲ, ಮಜ್ಜಿಗೆಯ ಹುಳಿಯೂ ಇಲ್ಲ. ಪಾಸ್ತಾದ ಮೇಲೆ ಪುಡಿಮಾಡಿ ಹಾಕಿರುತ್ತಾರೆ. ಮೆನುವಿನಲ್ಲಿ ಇದು ಇದ್ದರೆ ಆ ಅಡುಗೆಮನೆ ತನ್ನ ನೆಲದ ಅಡುಗೆಯನ್ನು ಬಿಟ್ಟಿಲ್ಲ ಎನ್ನಬಹುದು.

ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಅಲ್ತಮೂರಾದಲ್ಲಿ ಬ್ರೆಡ್ಡಿಗಾಗಿಯೇ ನಿಲ್ಲಬೇಕು. ಗಟ್ಟಿ ಗೋಧಿಯ ನುಣ್ಣನೆ ರವೆ, ಹುಳಿಹಿಟ್ಟು, ಉಪ್ಪು, ನೀರು, ಇಷ್ಟೇ. 2003ರಿಂದ ಯುರೋಪಿನ ಸಂರಕ್ಷಿತ ಮೂಲದ ಗುರುತು ಇದಕ್ಕಿದೆ. ದಪ್ಪ ಸಿಪ್ಪೆಯ ಈ ಬ್ರೆಡ್ ಬಟ್ಟೆಯಲ್ಲಿ ಸುತ್ತಿಟ್ಟರೆ ಹಲವು ದಿನ ಕೆಡುವುದಿಲ್ಲ. ಕಾರಿನಲ್ಲಿ ಅರ್ಧ ಕಿಲೋ ಅಲ್ತಮೂರಾ ಬ್ರೆಡ್, ನಾಲ್ಕು ಟೊಮೆಟೊ, ಒಂದು ತುಂಡು ಕಾಚೊಕವಾಲ್ಲೊ ಚೀಸ್ ಸದಾ ಇರಲಿ. ಹೊತ್ತು ತಪ್ಪಿದ ದಿನ ಕಾಪಾಡುವುದು ಇದೇ.

ಬಾರಿಯ ಫೊಕಾಚ್ಚಾವನ್ನು ‘ಫೊರ್ನೊ’ ಅಥವಾ ‘ಪನಿಫೀಚೊ’ ಎಂಬ ಬೋರ್ಡಿನ ಬೇಕರಿಗಳಲ್ಲಿ ಬೆಳಿಗ್ಗೆ 11ರಿಂದ 12ರೊಳಗೆ ಕೊಳ್ಳಿ. ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಸೇರಿಸಿ, ಮೇಲೆ ಟೊಮೆಟೊ, ಆಲಿವ್ ಒತ್ತಿ, ಎಣ್ಣೆ ಧಾರಾಳವಾಗಿ ಹಾಕಿ ಸುಟ್ಟದ್ದು. ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಒಬ್ಬರಿಗೆ ‘ದುಎ ಎತ್ತಿ’, ಅಂದರೆ 200 ಗ್ರಾಂ ಸಾಕು. ಮಧ್ಯಾಹ್ನ ಬೇಕರಿಗಳೂ ಮುಚ್ಚಿ ಸಂಜೆ 5ರ ಸುಮಾರಿಗೆ ತೆರೆಯುತ್ತವೆ.

ಇತ್ರಿಯಾ ಕಣಿವೆಯ ಚಿಸ್ಟೆರ್ನೀನೊದಲ್ಲಿ ಮಾಂಸದ ಅಂಗಡಿಯೇ ಹೋಟೆಲು. ‘ಫೊರ್ನೆಲ್ಲೊ ಪ್ರೊಂತೊ’ ಎಂದು ಬರೆದ ಕಡೆ ಗಾಜಿನ ಪೆಟ್ಟಿಗೆಯಲ್ಲಿರುವ ಮಾಂಸ ತೋರಿಸಿದರೆ ತೂಗಿ, ಅಲ್ಲೇ ಕೆಂಡದ ಒಲೆಯಲ್ಲಿ ಸುಟ್ಟು ಕೊಡುತ್ತಾರೆ. ಚೀಸ್ ಒಳಗಿಟ್ಟು ಸುತ್ತಿದ ಹಂದಿಮಾಂಸದ ‘ಬೊಂಬೆತ್ತೆ’ ಇಲ್ಲಿನ ಹೆಮ್ಮೆ. ಇಬ್ಬರಿಗೆ ಒಟ್ಟು 500–600 ಗ್ರಾಂ ಹೇಳಿ. ಇದು ಬಹುತೇಕ ರಾತ್ರಿಯ ಊಟ. ಪಕ್ಕದ ಅಲ್ಬೆರೊಬೆಲ್ಲೊದ ಶಂಕುಚಾವಣಿ ಮನೆಗಳನ್ನು ನೋಡಿ, ಊಟಕ್ಕೆ ಲೊಕೊರೊತೊಂದೊ ಅಥವಾ ಚಿಸ್ಟೆರ್ನೀನೊಗೆ ಬನ್ನಿ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದ ಕಡೆಗಳು

ದಕ್ಷಿಣ ಇಟಲಿ ಸಸ್ಯಾಹಾರಿಗಳಿಗೆ ಉದಾರವಾದ ನೆಲ, ಆದರೆ ಬರೀ ‘ವೆಜೆತರಿಯಾನೊ’ ಎಂದರೆ ಸಾಲದು. ಅಚ್ಚೂಗೆ ಎಂಬ ಪುಟ್ಟ ಉಪ್ಪುಮೀನು ಇಲ್ಲಿ ಒಗ್ಗರಣೆಯಂತೆ ಬಳಕೆಯಾಗುತ್ತದೆ. ಬಾರಿ, ಲೆಚ್ಚೆಗಳಿರುವ ಪುಲಿಯಾ ಪ್ರಾಂತ್ಯದ ಹೆಸರಾಂತ ಒರೆಕ್ಯೆತ್ತೆ–ಚೀಮೆ ದಿ ರಾಪಾ ನೋಡಲು ಬರೀ ಸೊಪ್ಪು–ಪಾಸ್ತಾ, ಆದರೆ ಎಣ್ಣೆಯಲ್ಲಿ ಹೆಚ್ಚಾಗಿ ಈ ಮೀನು ಕರಗಿರುತ್ತದೆ. ‘ನೊನ್ ಮಾಂಜೊ ನೇ ಕಾರ್ನೆ ನೇ ಪೆಶ್ಶೆ, ನೆಮ್ಮೆನೊ ಅಚ್ಚೂಗೆ’ ಎನ್ನಿ: ಮಾಂಸ, ಮೀನು, ಅಚ್ಚೂಗೆ ಯಾವುದೂ ತಿನ್ನುವುದಿಲ್ಲ ಎಂದು. ‘ಸ್ತ್ರುತ್ತೊ’, ‘ಸುನ್ಯಾ’ ಎಂದರೆ ಹಂದಿಕೊಬ್ಬು. ನಾಪೊಲಿಯ ಸ್ಫೊಲ್ಯಾತೆಲ್ಲಾ (ಪದರಪದರದ ಸಿಹಿ), ಮೆಣಸಿನ ತರಾಲ್ಲಿ (ಬಳೆಯಾಕಾರದ ಗರಿಗರಿ ತಿನಿಸು), ಲೆಚ್ಚೆಯ ಪಸ್ತಿಚ್ಚೊತ್ತೊ (ಕಸ್ಟರ್ಡ್ ತುಂಬಿದ ಸಿಹಿ) ಹಳೆಯ ಕ್ರಮದಲ್ಲಿ ಇದರಿಂದಲೇ ಆಗುತ್ತವೆ. ಪುಲಿಯಾದ ತರಾಲ್ಲಿ ಸಾಮಾನ್ಯವಾಗಿ ಆಲಿವ್ ಎಣ್ಣೆಯದು. ಚೀಸುಗಳ ಹೆಪ್ಪು ಬಹುಪಾಲು ಕರುವಿನ ಹೊಟ್ಟೆಯಿಂದ ಬಂದದ್ದು, ಅದನ್ನೂ ಬಿಡುವವರು ‘ಕಾಲ್ಯೊ ವೆಜೆತಾಲೆ’ ಇದೆಯೇ ಎಂದು ಕೇಳಬೇಕು. ದಕ್ಷಿಣದ ಒಣ ಪಾಸ್ತಾ ರವೆ ಮತ್ತು ನೀರಿನದು, ಮೊಟ್ಟೆ ಇರುವುದಿಲ್ಲ.

ನಿಶ್ಚಿಂತೆಯಿಂದ ಹೇಳಬಹುದಾದವು: ನಾಪೊಲಿಯ ಪಿಜ್ಜಾ ಮರಿನಾರಾ (ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಚೀಸ್ ಇಲ್ಲ), ಪುಲಿಯಾದ ‘ಫಾವೆ ಎ ಚಿಕೋರಿಯಾ’, ಲೆಚ್ಚೆ ಸುತ್ತಲಿನ ಸಲೆಂತೊದ ‘ಚೀಚೆರಿ ಎ ತ್ರಿಯಾ’. ಎರಡನೆಯದು ಒಣ ಫಾವಾ ಕಾಳನ್ನು ಬೆಣ್ಣೆಯಂತೆ ಅರೆದು, ಪಕ್ಕದಲ್ಲಿ ಬೇಯಿಸಿದ ಕಹಿಸೊಪ್ಪು ಇಟ್ಟದ್ದು. ಸೊಪ್ಪು–ಕಾಳು ಉಂಡು ಬೆಳೆದ ನಾಲಿಗೆಗೆ ಇಷ್ಟು ಹತ್ತಿರದ ಅಡುಗೆ ಆ ದೇಶದಲ್ಲಿ ಇನ್ನೊಂದಿಲ್ಲ. ಮೂರನೆಯದರಲ್ಲಿ ಕಡಲೆಕಾಳಿನ ಜತೆ ಪಾಸ್ತಾ, ಅದರಲ್ಲಿ ಒಂದಿಷ್ಟನ್ನು ಕರಿದು ಸೇರಿಸಿರುತ್ತಾರೆ.

ಹೇಳುವ ಕ್ರಮ, ಕೊಡುವ ದುಡ್ಡು

ಪುಲಿಯಾದಲ್ಲಿ ‘ಅಂತಿಪಾಸ್ತೊ ದೆಲ್ಲಾ ಕಾಸಾ’ (ಊಟಕ್ಕೆ ಮೊದಲು ಬರುವ ಆ ಹೋಟೆಲಿನ ತಿನಿಸು) ಎಂದರೆ ಒಂದು ತಟ್ಟೆಯಲ್ಲ. ಆರೇಳು ಚಿಕ್ಕ ತಟ್ಟೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಇಬ್ಬರಿಗೆ ಒಂದೇ ಹೇಳಿ, ತಿಂದ ಮೇಲೆ ಪಾಸ್ತಾ ಬೇಕೇ ಎಂದು ನೋಡಿ. ಮುಖ್ಯ ತಿನಿಸಿನ ಜತೆ ತರಕಾರಿ ಬರುವುದಿಲ್ಲ, ‘ಕೊಂತೊರ್ನೊ’ ಎಂದು ಬೇರೆ ಹೇಳಬೇಕು. ಮೆನುವಿನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಪದಾರ್ಥ ಫ್ರೀಜರಿನದು.

ಮೀನಿನ ಬೆಲೆ ‘ಆಲ್ಲೆತ್ತೊ’ ಎಂದಿದ್ದರೆ 100 ಗ್ರಾಮಿಗೆ. 6 ಯೂರೋ ನೋಡಿ ಅಗ್ಗ ಎಂದುಕೊಂಡು 600 ಗ್ರಾಮಿನ ಮೀನು ಹೇಳಿದರೆ 36 ಯೂರೋ ಆಯಿತು. ಬೇಯಿಸುವ ಮೊದಲೇ ತೂಕ ಮಾಡಿ ತೋರಿಸಲು ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ.

ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಸುಮಾರು 1.5ರಿಂದ 3 ಯೂರೋ ಇರುತ್ತದೆ. ಬ್ರೆಡ್ ಮತ್ತು ಟೇಬಲಿನ ಲೆಕ್ಕ, ಮೋಸವಲ್ಲ. ಮೆನುವಿನಲ್ಲಿ ಅದನ್ನು ಬರೆದಿರಬೇಕು, ಕೂರುವಾಗಲೇ ನೋಡಿಕೊಳ್ಳಿ. ಟಿಪ್ಸ್ ಕೊಡಲೇಬೇಕೆಂದಿಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಅದಕ್ಕಿಂತ ಹೆಚ್ಚು. ಕಾರ್ಡ್ ಎಲ್ಲೆಡೆ ನಡೆಯುತ್ತದೆ ಎನ್ನುತ್ತಾರೆ, ಆದರೂ ಹಳ್ಳಿಗಳಲ್ಲಿ ಯಂತ್ರ ಕೈಕೊಟ್ಟಾಗ ಬೇಕಾಗುವಂತೆ 40–50 ಯೂರೋ ಚಿಲ್ಲರೆ ಜೇಬಿನಲ್ಲಿರಲಿ. ಊಟ ಮುಗಿದರೂ ಬಿಲ್ ತಾನಾಗಿ ಬರುವುದಿಲ್ಲ. ಕೇಳದೆ ತಂದರೆ ಅತಿಥಿಯನ್ನು ಎಬ್ಬಿಸಿದಂತೆ ಎಂದು ಅವರ ಭಾವನೆ. ಹೊರಡುವ ಹತ್ತು ನಿಮಿಷ ಮುಂಚೆ ‘ಇಲ್ ಕೊಂತೊ, ಪೆರ್ ಫಾವೊರೆ’ ಎನ್ನಿ.