ಒಂದು ಸರ್ವರ್ ಮಲಗಿದ್ರೂ ಬಟವಾಡೆ ನಿಲ್ಲಬಾರ್ದು: ಕೆ3ಎಸ್ ಕ್ಲಸ್ಟರ್ ಕಟ್ಟೋದು ಹೇಗೆ

ಚಿಕ್ಕಮಗಳೂರು ಹತ್ರ ನಮ್ಮ ಎಸ್ಟೇಟಲ್ಲಿ ಹಣ್ಣು ಕುಯ್ಲು ಟೈಮಲ್ಲಿ ಯಾರು ಎಷ್ಟು ಕೆಜಿ ಕುಯ್ದ್ರು ಅನ್ನೋ ಲೆಕ್ಕಕ್ಕೆ ಒಂದು ಆಪ್ ಮಾಡಿದ್ದೆ, ಒಂದೇ ಮೆಷಿನ್ನು, ಅದ್ರಲ್ಲೇ ಡಾಕರ್ (ಆಪನ್ನ ಕಂಟೇನರ್ ಅನ್ನೋ ಡಬ್ಬೀಲಿಟ್ಟು ಓಡಿಸೋ ಸಾಫ್ಟ್‌ವೇರ್), ಅದ್ರಲ್ಲೇ ಡೇಟಾಬೇಸು. ಸರಿಯಾಗಿ ಬಟವಾಡೆ ದಿನವೇ ಡಿಸ್ಕ್ ಹೋಯ್ತು. ರೈಟರು (ತೋಟದ ಲೆಕ್ಕ ಬರೆಯೋರು) ಚೀಟಿಗಳನ್ನೆಲ್ಲ ಹುಡುಕಿ ಕೂಡಿಸೋಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು, ಅವತ್ತು ಬೈಸ್ಕೊಂಡಿದ್ದು ಇನ್ನೂ ಕಿವೀಲಿದೆ.

ಅದಕ್ಕೇ ಈಗ ಕೆ3ಎಸ್ ಹಾಕಿದೀನಿ. ಅದು ಕುಬರ್ನೆಟಿಸ್ಸಿನ ಹಗುರ ರೂಪ, ಹಲವು ಮೆಷಿನ್ನುಗಳನ್ನ ಒಂದು ಗುಂಪಾಗಿ (ಕ್ಲಸ್ಟರ್) ಕಟ್ಟಿ ಆಪ್ ಓಡಿಸುತ್ತೆ, ಒಂದು ಮೆಷಿನ್ ಹೋದ್ರೆ ಇನ್ನೊಂದ್ರಲ್ಲಿ ಎಬ್ಬಿಸುತ್ತೆ. ಮೊದ್ಲು ಮೆಷಿನ್ ಲೆಕ್ಕ. ಎರಡು ಸಾಕಲ್ವಾ ಅಂತಾರೆ ಎಲ್ರೂ, ಸಾಕಾಗಲ್ಲ. ಕ್ಲಸ್ಟರಿನ ನೆನಪೆಲ್ಲ ಇರೋದು ಎಟ್‌ಸಿಡಿ ಅನ್ನೋ ಅದ್ರದೇ ಪುಟ್ಟ ಡೇಟಾಬೇಸಲ್ಲಿ, ಅದು ಅರ್ಧಕ್ಕಿಂತ ಜಾಸ್ತಿ ಮೆಷಿನ್ ಬದುಕಿದ್ರೆ, ಅಂದ್ರೆ ಬಹುಮತ ಇದ್ರೆ ಮಾತ್ರ ಬರೆಯುತ್ತೆ. ಎರಡರಲ್ಲಿ ಒಂದು ಹೋದ್ರೆ ಬಹುಮತ ಇಲ್ಲ, ಮೂರರಲ್ಲಿ ಒಂದು ಹೋದ್ರೆ ನಡೆಯುತ್ತೆ, ಐದರಲ್ಲಿ ಎರಡು. ನಾಲ್ಕು ಹಾಕಿದ್ರೂ ಒಂದನ್ನೇ ತಡ್ಕೊಳೋದು, ದುಡ್ಡು ದಂಡ. ಮೂರು ಮಿನಿ ಪಿಸಿ ತಗೊಳಿ, ಎಸ್‌ಎಸ್‌ಡಿ ಇರ್ಲಿ, ಎಸ್‌ಡಿ ಕಾರ್ಡಲ್ಲಿ ಎಟ್‌ಸಿಡಿ ಓಡಿಸೋ ಸಾಹಸ ಬೇಡ. ಮತ್ತೆ ಮೂರನ್ನೂ ಒಂದೇ ಯುಪಿಎಸ್ಸಿಗೆ ಚುಚ್ಚಬೇಡಿ ಮಾರಾಯ್ರೆ, ಆರಿದ್ರಾ ಮಳೆ ಹಿಡಿದಾಗ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ, ಆ ಯುಪಿಎಸ್ ಕೈ ಕೊಟ್ರೆ ಮೂರೂ ಒಟ್ಟಿಗೆ ಮಲಗ್ತವೆ.

ಕ್ಲಸ್ಟರಲ್ಲಿರೋ ಒಂದೊಂದು ಮೆಷಿನ್ನಿಗೂ ನೋಡ್ ಅಂತಾರೆ. ಮೊದಲ ನೋಡ್ ಮೇಲೆ ಕೆ3ಎಸ್ ಸರ್ವರನ್ನ ಕ್ಲಸ್ಟರ್-ಇನಿಟ್ ಫ್ಲ್ಯಾಗ್ ಕೊಟ್ಟು ಎಬ್ಬಿಸಿ, ಉಳಿದೆರಡನ್ನ ಅದ್ರದೇ ಟೋಕನ್ (ಕ್ಲಸ್ಟರಿಗೆ ಸೇರೋಕೆ ಬೇಕಾದ ಗುಟ್ಟಿನ ಪದ) ಕೊಟ್ಟು ಮೊದಲನೇದ್ರ ಅಡ್ರೆಸ್ಸಿನ 6443 ಪೋರ್ಟಿಗೆ ಸರ್ವರ್ ಆಗೇ ಸೇರಿಸಿ, ಏಜೆಂಟ್ ಆಗಿ ಅಲ್ಲ, ಏಜೆಂಟ್ ಬರೀ ಆಪ್ ಓಡಿಸುತ್ತೆ, ಎಟ್‌ಸಿಡಿ ಇಟ್ಕೊಳಲ್ಲ. ನೋಡ್‌ಗಳ ಮಧ್ಯೆ 2379, 2380, 10250, ಯುಡಿಪಿ 8472 ಪೋರ್ಟುಗಳು ತೆರೆದಿರ್ಬೇಕು.

ಆಮೇಲೆ ವರ್ಚುವಲ್ ಐಪಿ, ಅಂದ್ರೆ ಯಾವ ನೋಡ್ ಬದುಕಿದೆಯೋ ಅದ್ರ ಮೇಲೆ ಹೋಗಿ ಕೂರೋ ಒಂದೇ ಅಡ್ರೆಸ್ಸು. ಮೊಬೈಲಲ್ಲಿರೋ ಆಪ್ ಯಾವ್ದೋ ಒಂದು ನೋಡಿನ ಐಪಿ ಹಿಡ್ಕೊಂಡಿದ್ರೆ ಮೂರು ಮೆಷಿನ್ ಇಟ್ಟೂ ಏನು ಬಂತು? ಕೀಪ್‌ಅಲೈವ್‌ಡಿ ಅನ್ನೋ ಸಾಫ್ಟ್‌ವೇರ್ ಮೂರರಲ್ಲೂ ಹಾಕಿ, ಈ ಐಪಿನ ನೋಡ್ಕೊಳೋದು ಅದೇ, ಪ್ರಯಾರಿಟಿ 150, 100, 90 (ಜಾಸ್ತಿ ಇರೋನಿಗೆ ಐಪಿ), ವರ್ಚುವಲ್ ರೌಟರ್ ಐಡಿ ಮೂರಕ್ಕೂ ಒಂದೇ. ಐಪಿ ಇಟ್ಕೊಂಡಿರೋ ನೋಡು ಸೆಕೆಂಡಿಗೊಂದು ಸಲ ನಾನಿದೀನಿ ಅಂತ ಕೂಗ್ತಿರುತ್ತೆ, ಮೂರು ಕೂಗು ಕೇಳದಿದ್ರೆ ಪಕ್ಕದವ್ನು ಐಪಿ ಎತ್ಕೊತಾನೆ. ಕೆ3ಎಸ್ ಬದುಕಿದೆಯಾ ನೋಡೋ ಚೆಕ್ ಸ್ಕ್ರಿಪ್ಟನ್ನೂ ಜೋಡಿಸಿ, ಇಲ್ಲಾಂದ್ರೆ ಮೆಷಿನ್ ಆನ್ ಇದ್ದು ಕೆ3ಎಸ್ ಮಾತ್ರ ಸತ್ತಾಗ ಐಪಿ ಅಲ್ಲೇ ಕೂತಿರುತ್ತೆ. ಈ ಐಪಿನ ಕೆ3ಎಸ್ಸಿನ ಟಿಎಲ್‌ಎಸ್-ಸ್ಯಾನ್ ಫ್ಲ್ಯಾಗಲ್ಲೂ ಕೊಡಿ, ಆಗ ಅದ್ರ ಸರ್ಟಿಫಿಕೇಟಲ್ಲಿ ಈ ಅಡ್ರೆಸ್ಸೂ ಸೇರುತ್ತೆ.

ಈಗ ನನಗೆ ನಿಜವಾಗ್ಲೂ ತಲೆ ಕೆಡಿಸಿದ್ದು. ಎಲ್ಲ ರೆಡಿ ಅಂತ ಖುಷೀಲಿ ಒಂದು ನೋಡಿನ ಪ್ಲಗ್ ಕಿತ್ತೆ, ಒಂದು ನಿಮಿಷ ಆಯ್ತು, ಎರಡಾಯ್ತು, ಆಪ್ ಏಳ್ಲೇ ಇಲ್ಲ, ಟೀ ಕುಡ್ಕೊಂಡು ಬಂದ್ರೆ ಎದ್ದಿದೆ! ವಿಷ್ಯ ಏನಂದ್ರೆ ನೋಡ್ ಸತ್ತಿದೆ ಅಂತ ಗುರುತಿಸೋಕೇ ಮುಕ್ಕಾಲು ನಿಮಿಷದ ಹತ್ರ ಬೇಕು, ಅದಾದ್ಮೇಲೂ ಕುಬರ್ನೆಟಿಸ್ ಅದ್ರಲ್ಲಿದ್ದ ಪಾಡನ್ನ (ಆಪಿನ ಕಂಟೇನರ್ ಇರೋ ಗೂಡು) ಬೇರೆ ಕಡೆ ಎಬ್ಬಿಸೋಕೆ ಡೀಫಾಲ್ಟಾಗಿ ಇನ್ನೂ 300 ಸೆಕೆಂಡ್ ಕಾಯುತ್ತೆ. ಡಿಪ್ಲಾಯ್‌ಮೆಂಟಲ್ಲಿ (ಆಪನ್ನ ಹೇಗೆ ಓಡಿಸ್ಬೇಕು ಅಂತ ಬರೆಯೋ ಫೈಲು) ನಾಟ್-ರೆಡಿ, ಅನ್‌ರೀಚಬಲ್ ಎರಡಕ್ಕೂ ಟಾಲರೇಶನ್ ಸೆಕೆಂಡ್ಸ್, ಅಂದ್ರೆ ಆ ಕಾಯೋ ಹೊತ್ತು, 30 ಅಂತ ಇಳಿಸಿ. ಅದಕ್ಕಿಂತ ಒಳ್ಳೇದು, ಎರಡು ರೆಪ್ಲಿಕಾ (ಆಪಿನ ಎರಡು ಪ್ರತಿ) ಇಟ್ಟು, ಎರಡೂ ಒಂದೇ ಕಡೆ ಕೂರಬಾರ್ದು ಅನ್ನೋ ಆಂಟಿ-ಅಫಿನಿಟಿ ನಿಯಮದಲ್ಲಿ ಬೇರೆ ಬೇರೆ ನೋಡಿಗೆ ಹಂಚೋದು, ಆಗ ಹೊಸ ಪಾಡ್ ಏಳೋಕೆ ಕಾಯೋದೇ ಬೇಡ. ತೀರಾ ಕಮ್ಮಿ ಸೆಕೆಂಡ್ ಇಟ್ರೆ ನೆಟ್‌ವರ್ಕ್ ಒಂಚೂರು ಸೀನಿದ್ರೂ ಪಾಡ್‌ಗಳು ಗುಳೆ ಹೊರಡ್ತವೆ, ಅದೂ ಬೇಡ.

ಡೇಟಾಬೇಸಿಗೆ ಸುಮ್ನೆ ಎರಡು ರೆಪ್ಲಿಕಾ ಅಂತ ಹಾಕೋಕಾಗಲ್ಲ. ಪೋಸ್ಟ್‌ಗ್ರೆಸ್ ಆದ್ರೆ ಕ್ಲೌಡ್‌ನೇಟಿವ್‌ಪಿಜಿ ಆಪರೇಟರ್ (ಪೋಸ್ಟ್‌ಗ್ರೆಸ್ಸನ್ನ ಕ್ಲಸ್ಟರಲ್ಲಿ ನೋಡ್ಕೊಳೋ ಸಾಫ್ಟ್‌ವೇರ್) ಹಾಕಿ ಮೂರು ಇನ್‌ಸ್ಟನ್ಸ್ ಕೊಡಿ, ಒಂದು ಬರೆಯುತ್ತೆ, ಎರಡು ಕಾಪಿ ಮಾಡ್ಕೊತಿರ್ತವೆ, ಮೊದಲನೇದು ಬಿದ್ರೆ ಇನ್ನೊಂದನ್ನ ಅದೇ ಮುಂದೆ ತರುತ್ತೆ. ಡಿಸ್ಕನ್ನೇ ಹಲವು ನೋಡಲ್ಲಿ ಕಾಪಿ ಮಾಡೋ ಲಾಂಗ್‌ಹಾರ್ನ್ ಮೇಲೂ ಇಡಬಹುದು, ಆದ್ರೆ ಡೇಟಾಬೇಸು ತಾನೇ ಕಾಪಿ ಇಟ್ಕೊತಿರೋವಾಗ ಕೆಳಗಡೆ ಡಿಸ್ಕೂ ಮೂರು ಕಾಪಿ ಮಾಡೋದು ನಂಗೆ ಸರಿ ಕಾಣಲಿಲ್ಲ.

ಟೆಸ್ಟ್ ಮಾಡೋವಾಗ ನೀಟಾಗಿ ಶಟ್‌ಡೌನ್ ಕೊಡ್ಬೇಡಿ, ಕರೆಂಟ್ ಹಾಗೆ ಹೋಗಲ್ಲ. ಪ್ಲಗ್ಗೇ ಕೀಳಿ. ಇನ್ನೊಂದ್ಸಲ ಬರೀ ನೆಟ್‌ವರ್ಕ್ ಕೇಬಲ್ ಕೀಳಿ. ಮೂರರಲ್ಲಿ ಎರಡು ಕಿತ್ತೂ ನೋಡಿ, ಉಳಿದ ನೋಡಲ್ಲಿ ಓಡ್ತಿದ್ದ ಕಂಟೇನರ್ ಓಡ್ತಾನೇ ಇರುತ್ತೆ, ಹೊಸದು ಮಾತ್ರ ಏನೂ ಏಳಲ್ಲ.

ಕೆ3ಎಸ್ 12 ಗಂಟೆಗೊಂದು ಎಟ್‌ಸಿಡಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪೂರ್ತಿ ಕಾಪಿ) ತಾನೇ ತೆಗೆಯುತ್ತೆ, ಅದನ್ನ ಬೇರೆ ಊರಲ್ಲಿರೋ ಜಾಗಕ್ಕೆ ಕಾಪಿ ಮಾಡಿ, ನಂದು ಹಾಸನದಲ್ಲಿ ತಮ್ಮನ ಮನೆಗೆ ಹೋಗುತ್ತೆ. ಪೋಸ್ಟ್‌ಗ್ರೆಸ್ ಬ್ಯಾಕಪ್ ಬೇರೇನೇ ತೆಗೀಬೇಕು, ಸ್ನ್ಯಾಪ್‌ಶಾಟಲ್ಲಿ ಅದು ಇರಲ್ಲ. ರೀಸ್ಟೋರ್ ಮಾಡೋಕೆ ನೋಡ್ ಸೇರಿಸೋವಾಗ ಕೊಟ್ಟ ಆ ಹಳೇ ಟೋಕನ್ನೂ ಬೇಕು, ಅದಕ್ಕೆ ನಾನು ಚೀಟೀಲಿ ಬರ್ದು ಬೀರುವಲ್ಲಿ ತೋಟದ ಪತ್ರದ ಜೊತೆ ಇಟ್ಟಿದೀನಿ.